ಕೊಳ್ಳುವವರ ಕಣ್ಣು ಮೊದಲು ಎಲ್ಲಿ ಬೀಳುತ್ತದೆ

ಆಲ್ದೊನಾ, ಗೋವಾ
೧೮ ಸೆಪ್ಟೆಂಬರ್, ಗುರುವಾರ

ಸ್ವಿಂಡನ್ ಪಟ್ಟಣದ ಗೋದಾಮಿನಲ್ಲಿ ನಿಂತು ಅರ್ಧ ಇಂಗ್ಲೆಂಡಿನ ಸಾಮಾನನ್ನು ಡಬ್ಬಿಗೆ ತುಂಬುತ್ತಿರುವ, ನನ್ನ ಜನ್ಮದಾತೆಯೂ ಬೆರ್ನಾಬೆ ರೆಬೆಲೊ ಎಂಬ ಬಡಪಾಯಿಯ ಧರ್ಮಪತ್ನಿಯೂ ಆದ ಶ್ರೀಮತಿ ಅರ್ಸುಲಾ ರೆಬೆಲೊ ಅವರಲ್ಲಿ, ಅವರ ಏಕಮಾತ್ರ ಸಂತಾನವಾದ ಕ್ವಿಟೇರಿಯಾ ಕೈಕಟ್ಟಿ ನಿಂತು ಬೆಸಾಂವ್, ಅಂದರೆ ಆಶೀರ್ವಾದ, ಬೇಡುವುದೇನೆಂದರೆ,

ಮಾಯ್,

ಈ ಲಕೋಟೆ ಒಡೆದಾಗ ನಿನ್ನ ಕೈಗೆ ಮೊದಲು ಸಿಕ್ಕಿದ್ದು ವಕೀಲರ ಕಾಗದವಾಗಿದ್ದರೆ ದಯವಿಟ್ಟು ಅದನ್ನು ಮಡಿಸಿ ದಿಂಬಿನ ಕೆಳಗಿಡು. ಮನೆ ಮಾರಾಟಕ್ಕೆ ನಿನ್ನ ಒಪ್ಪಿಗೆ ಕೇಳುವ ಮುಖತ್ಯಾರನಾಮೆ ಅದು. ಮದುವೆಯಾದ ದಿನದಿಂದ ಗಂಡನದರಲ್ಲಿ ಅರ್ಧ ಹೆಂಡತಿಯದು ಎನ್ನುವ ನಮ್ಮ ಗೋವಾದ ಕಾನೂನಿನ ಕೃಪೆಯಿಂದ, ನಿನ್ನ ರುಜುವಿಲ್ಲದೆ ನಿನ್ನ ಗಂಡ, ನನ್ನ ಪಾಯ್, ಈ ಮನೆಯ ಒಂದು ಹಂಚನ್ನೂ ಮಾರುವ ಹಾಗಿಲ್ಲ. ರುಜು ಹಾಕುವ ಮಾತು ಆಮೇಲೆ. ಮೊದಲು ಇದನ್ನು ಓದು.

ಆರು ವಾರದಿಂದ ನೀನು ಪಾಯ್‌ನ ಫೋನು ಎತ್ತುತ್ತಿಲ್ಲ. ಅವನ ಪರವಾಗಿ ವಕಾಲತ್ತು ಮಾಡುತ್ತೇನೆಂದು ನನ್ನದನ್ನೂ ಎತ್ತುತ್ತಿಲ್ಲ. ಸಂದೇಶ ಕಳಿಸಿದರೆ ಓದದೆ ಅಳಿಸುತ್ತೀಯೆಂದು ನನಗೆ ಗೊತ್ತು, ಯಾಕೆಂದರೆ ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಅಂಚೆಯವನು ರುಜು ಹಾಕಿಸಿಕೊಂಡು ಕೊಡುವ ಲಕೋಟೆಯನ್ನು ನೀನು ಎಸೆಯುವವಳಲ್ಲ. ಹಾಗಾಗಿ ವಕಾಲತ್ತು ಲಕೋಟೆಯಲ್ಲಿ ಬಂದಿದೆ. ಮನೆ ಹಾಳುಮಾಡಿ, ಬಂದ ಗಿರಾಕಿಗಳನ್ನೆಲ್ಲ ಓಡಿಸಿದ ಆರೋಪಿ ಪಾಯ್ ಎಂದು ನೀನು ತೀರ್ಪು ಬರೆದುಬಿಟ್ಟಿದ್ದೀ. ಅವನೂ ತಪ್ಪು ಒಪ್ಪಿಕೊಂಡಿದ್ದಾನೆ. ಇಬ್ಬರೂ ಸೇರಿ ಇಷ್ಟು ಸುಲಭವಾಗಿ ಮುಗಿಸಿದ ಪ್ರಕರಣ ನಿಮ್ಮ ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಇದೊಂದೇ ಇರಬೇಕು. ಆದರೆ ಆರೋಪಿ ಅವನಲ್ಲ. ವಿವರ ಕೆಳಗಿದೆ.

ಫೆಬ್ರವರಿಯ ಒಂದು ಮಧ್ಯಾಹ್ನ. ಪಾಯ್ ನದಿ ದಾಟಿಸುವ ಫೆರಿಯ ಬೆಳಗಿನ ಪಾಳಿ ಮುಗಿಸಿ ಬಂದು, ಕಾಲು ತೊಳೆದು, ಬಾಂಗ್ಡೆ ಸಾರಿನಲ್ಲಿ ಅನ್ನ ಕಲಸುತ್ತಾ, ಉಪ್ಪು ಕಮ್ಮಿಯಾಗಿದೆ ಎನ್ನುವ ದನಿಯಲ್ಲಿ ಹೇಳಿದ: "ಬಾಯೇ, ಮನೆ ಮಾರೋಣ."

ನನಗೆ ನಗು ಬಂತು. ಏಳು ವರ್ಷದ ಹಿಂದೆ, ನೀನು ಇಂಗ್ಲೆಂಡಿಗೆ ಹೊರಟ ದಿನ, ನಿನ್ನ ಪೆಟ್ಟಿಗೆ ಹಿಡಿದುಕೊಂಡು ಮುಂಬಾಗಿಲ ಬಲ್ಕಾಂವ್ ಮೆಟ್ಟಿಲ ಮೇಲೆ ನಿಂತಿದ್ದವಳು ನಾನು. ಆಗ ನನಗೆ ಹದಿನೈದು. "ಬರ್ತೀಯೋ ಇಲ್ವೋ, ಒಂದೇ ಮಾತು ಹೇಳು" ಎಂದು ನೀನು ಪಾಯ್‌ನನ್ನು ಕೇಳಿದ್ದೆ. "ಮನೆಗೆ ಬೀಗ ಹಾಕಕ್ಕಾಗಲ್ಲ, ಅರ್ಸುಲಾ" ಎಂದಿದ್ದ. "ಹಾಗಾದ್ರೆ ಮನೇನೇ ಮದ್ವೆ ಮಾಡ್ಕೊ. ಈ ಮೆಟ್ಲು ನಾನು ಇನ್ನು ಹತ್ತಲ್ಲ" ಎಂದು ನೀನು ಇಳಿದು ಹೋಗಿದ್ದೆ. ಆ ಮನುಷ್ಯ ಈಗ ಮೀನಿನ ಮುಳ್ಳು ತೆಗೆಯುತ್ತಾ ಮನೆ ಮಾರೋಣ ಎನ್ನುತ್ತಾನೆ.

"ಯಾಕೆ?" ಎಂದೆ.

"ನಿನ್ನ ಮಾಯ್‌ದು ಅರ್ಧ ಪಾಲು ಅವಳಿಗೆ ಸೇರ್ಬೇಕು," ಎಂದ. ಅಷ್ಟೇ. ಮೇಲೊಂದು ಮಾತಿಲ್ಲ. ನಾನು ಅದಕ್ಕೆ ನನಗೆ ತೋಚಿದ ಅರ್ಥ ಕೊಟ್ಟುಕೊಂಡೆ. ನೀನು ನಿನ್ನ ಪಾಲು ಎತ್ತಿಕೊಂಡು, ನಮ್ಮಿಬ್ಬರ ಲೆಕ್ಕ ಚುಕ್ತಾ ಮಾಡಿ, ಕೈ ಕೊಡವಿಕೊಳ್ಳುತ್ತಿದ್ದೀ ಅಂತ.

ಕೈ ತೊಳೆದು ಬಂದವನು ನನ್ನನ್ನು ಎದುರಿಗೆ ಕೂರಿಸಿಕೊಂಡ. "ನೀನು ಗೆಸ್ಟ್ ಹೌಸಲ್ಲಿ ಕೂರೋಳು. ಮನೆ ಹುಡ್ಕೊಂಡು ಬರೋ ದಿಲ್ಲಿಯೋರು, ಬೊಂಬಾಯಿಯೋರು ಎಲ್ಲಾ ಅಲ್ಲೇ ಇಳ್ಕೊಳ್ಳೋದು. ಅವರಿಗೆ ಏನು ಬೇಕು, ಏನು ಬೇಡ, ಎಲ್ಲಾ ತಿಳ್ಕೊಂಡು ಬಾ. ಗಾಳ ಹಾಕೋಕೆ ಮುಂಚೆ ಮೀನು ಏನು ತಿನ್ನುತ್ತೆ ಅಂತ ಗೊತ್ತಿರ್ಬೇಕು."

ಹೀಗೆ 'ಮನೆ ಕೊಳ್ಳುವವರ ಮನೋಧರ್ಮ ಅಧ್ಯಯನ ಮಂಡಳಿ' ಸ್ಥಾಪನೆಯಾಯಿತು. ಅಧ್ಯಕ್ಷೆ ನಾನು, ಕಾರ್ಯದರ್ಶಿ ನಾನು, ಚಹಾ ತರುವವಳೂ ನಾನು. ಗೆಸ್ಟ್ ಹೌಸಿನ ಹಳೆಯ ರಿಜಿಸ್ಟರಿನ ಖಾಲಿ ಹಾಳೆಗಳಿಗೆ ಗೆರೆ ಹೊಡೆದು, ತಿಂಡಿಗೆ ಬಂದವರಿಗೆಲ್ಲ ಪಾವ್ ಜೊತೆಗೆ ಪ್ರಶ್ನೆಯನ್ನೂ ಬಡಿಸಿದೆ. ರಜೆಯ ದಿನ ದಲ್ಲಾಳಿ ಫಿದೇಲಿಸನ ಸ್ಕೂಟರಿನ ಹಿಂದೆ ಕೂತು, ಅವನ ತಂಗಿಯ ಮಗಳೆಂದು ಹೇಳಿಕೊಂಡು, ಊರೂರಿನ ಮನೆ ತೋರಿಸುವ ಶಾಸ್ತ್ರಕ್ಕೆ ಹೋದೆ. ಗಿರಾಕಿ ಒಳಗೆ ಕಾಲಿಟ್ಟಾಗ ಅವನ ಕಣ್ಣು ಮೊದಲು ಎಲ್ಲಿ ಬೀಳುತ್ತದೆ ಎಂದು ನೋಡುವುದು ನನ್ನ ಕೆಲಸ.

ಮಾಯ್, ಎಂಥಾ ಜ್ಞಾನಭಂಡಾರ! ಗಂಡಸರು ಬಂದ ಕೂಡಲೇ ಕಲ್ಲಂಗಡಿ ತಟ್ಟಿದ ಹಾಗೆ ಗೋಡೆ ತಟ್ಟುತ್ತಾರೆ. ಅದರಿಂದ ಏನು ತಿಳಿಯುತ್ತದೋ, ಅವರಿಗೂ ಗೊತ್ತಿಲ್ಲ, ಗೋಡೆಗೂ ಗೊತ್ತಿಲ್ಲ. ಹೆಂಗಸರು ನೇರ ಅಡುಗೆಮನೆಗೆ ಹೋಗಿ ಕಿಟಕಿಯಾಚೆ ನೋಡುತ್ತಾರೆ. ಆಚೆ ಒಂದು ಬಾಳೆಗಿಡ ಕಂಡರೆ ಈಚೆಗಿನ ಮಸಿ ಕಾಣುವುದಿಲ್ಲ. ಬಚ್ಚಲು ಮಾತ್ರ ಎಲ್ಲರಿಗೂ ಹೊಸದೇ ಬೇಕು. ಬಾವಿ ಇದ್ದರೆ ಬಗ್ಗಿ ನೋಡುತ್ತಾರೆ, ತಮ್ಮ ಮುಖ ಕಂಡು ಖುಷಿಪಡುತ್ತಾರೆ. ಮೊಯ್ರಾದ ಒಂದು ಮನೆಯಲ್ಲಿ ಪುಣೆಯವನೊಬ್ಬ, "ಈ ಮನೆಯಲ್ಲಿ ಯಾರಾದರೂ ಸತ್ತಿದ್ದಾರಾ?" ಎಂದು ಕೇಳಿದ. ಯಜಮಾನ ಮುದುಕ ಸಿಗಾರು ಬಾಯಿಂದ ತೆಗೆದು, "ನೂರಿಪ್ಪತ್ತು ವರ್ಷದ ಮನೆ ಕಣಪ್ಪಾ. ಸಾಯೋ ಹೊತ್ತಿಗೆ ಎಲ್ಲರೂ ಎದ್ದು ಬಸ್ ಸ್ಟ್ಯಾಂಡಿಗೆ ಹೋಗ್ತಿದ್ರು ಅಂದ್ಕೊಂಡ್ಯಾ?" ಎಂದ. ಪುಣೆಯವನು ಬರೆದುಕೊಂಡ.

ಆದರೆ ಎಲ್ಲರೂ, ಒಬ್ಬರೂ ಬಿಡದೆ ಎಲ್ಲರೂ, ಕೇಳಿದ್ದು ಮೂರೇ. ಗಾಜಿನ ಬದಲು ಕಡಲ ಚಿಪ್ಪು ಕೂರಿಸಿದ ಹಳೇ ಕಿಟಕಿ ಇದೆಯಾ? ಕೆಂಪು ಸಿಮೆಂಟಿನ ಹಳೇ ನೆಲ ಹಾಗೇ ಇದೆಯಾ? ಬಲ್ಕಾಂವ್ ಇದೆಯಾ? ಬಾಗಿಲ ಮುಂದೆ ಎದುರುಬದುರಾಗಿ ಎರಡು ಕಲ್ಲಿನ ಆಸನ, ನಾಲ್ಕು ಮೆಟ್ಟಿಲು. ಅದಕ್ಕೋಸ್ಕರ ದಿಲ್ಲಿಯಿಂದ ವಿಮಾನ ಹತ್ತಿ ಬರುತ್ತಾರೆ. ಫಿದೇಲಿಸನ ಸಿದ್ಧಾಂತ ಹೀಗಿದೆ: "ಬಲ್ಕಾಂವ್ ಮೇಲೆ ಕೂತ್ರು ಅಂದ್ರೆ ಮುಗೀತು ಕಣೇ. ಹತ್ತು ನಿಮಿಷ ಏಳ್ದೇ ಕೂತ್ರೆ, ಒಳಗೆ ಮಾಡು ಬಿದ್ದಿದ್ರೂ ತಗೋತಾರೆ."

ಹೆಚ್ಚು ಹೊತ್ತು ಮಾತಾಡಿದ್ದು ಗೆಸ್ಟ್ ಹೌಸಿನಲ್ಲಿ ವಾರ ಪೂರ್ತಿ ಇದ್ದ ಸಾಹ್ನಿ ಮೇಡಂ. ದಿಲ್ಲಿಯ ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗಿದ್ದು ನಿವೃತ್ತರಾದವರು. ಚಿಪ್ಪಿನೊಳಗಿಂದ ಬರುವ ಬೆಳಕಿನಲ್ಲಿ ಕೂತು ಪುಸ್ತಕ ಓದಬೇಕು, ಅಷ್ಟಕ್ಕಾಗಿ ಮನೆ ಬೇಕು ಎಂದರು. "ಬರ್ಕೋ ಹುಡುಗಿ, ಚೆನ್ನಾಗಿ ಬರ್ಕೋ," ಎಂದು ನನ್ನ ರಿಜಿಸ್ಟರಿಗೆ ಬೆರಳು ತಟ್ಟಿದರು. ನಾನು ಚೆನ್ನಾಗಿಯೇ ಬರೆದುಕೊಂಡೆ.

ಈಗ ನಮ್ಮ ಮನೆಯನ್ನು ನೆನಪಿಸಿಕೋ. ಹನ್ನೊಂದು ಕಿಟಕಿ, ಹನ್ನೊಂದಕ್ಕೂ ಚಿಪ್ಪು. ಎರಡು ತಲೆಮಾರಿನ ಪಾದ ತಿಕ್ಕಿ ಹೊಳೆಯುವ ಕೆಂಪು ನೆಲ. ಊರಿನಲ್ಲೇ ಅಗಲವಾದ ಬಲ್ಕಾಂವ್. ಒಂದು ಸಲ ಗುಡಿಸಿ, 'ಮಾರಾಟಕ್ಕಿದೆ' ಎಂದು ಫಿದೇಲಿಸನ ಕಿವಿಯಲ್ಲಿ ಹೇಳಿದ್ದರೆ ಒಂದು ವಾರದಲ್ಲಿ ಹೋಗುತ್ತಿತ್ತು.

ಅದಕ್ಕೇ ನಾನು ವರದಿಯನ್ನು ತಿರುಗಿಸಿ ಬರೆದೆ.

ದಪ್ಪ ಹಾಳೆಯ ಮೇಲೆ, ಗೆಸ್ಟ್ ಹೌಸಿನ ಮೊಹರು ಒತ್ತಿ, ಕೆಳಗೆ 'ಅಧ್ಯಕ್ಷರು' ಎಂದು ರುಜು ಹಾಕಿ ಪಾಯ್‌ನ ಮುಂದಿಟ್ಟೆ. ಇಂದಿನ ಗಿರಾಕಿಗೆ ಚಿಪ್ಪು ಎಂದರೆ ಭಯ, ಗಾಜು ಬೇಕು, ಅಲ್ಯೂಮಿನಿಯಂ ಬೇಕು, ಅದು ಜಾರಬೇಕು. ನೆಲ ಎಂದರೆ ಮುಖ ಕಾಣುವ ಬಿಳಿ ಟೈಲ್ಸು. ಕಾರು ಬಾಗಿಲವರೆಗೆ ಬರಬೇಕು, ಮಧ್ಯೆ ಮೆಟ್ಟಿಲು, ಕಲ್ಲು, ಆಸನ ಮುಂತಾದ ಅಡಚಣೆಗಳು ಇರಕೂಡದು. ಪಾಯ್ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ. 'ಅಡಚಣೆ' ಎಂಬಲ್ಲಿ ನಿಂತ. ನಾನು ನಗುತ್ತೇನೇನೋ ಎಂದು ನನ್ನ ಮುಖ ನೋಡಿದ. ನನ್ನ ಮುಖ ನಿನಗೆ ಗೊತ್ತಲ್ಲ, ಪಾದ್ರಿಯ ಟೋಪಿಯೊಳಗೆ ಕಪ್ಪೆ ಇಟ್ಟ ದಿನವೂ ಅದು ನಗಲಿಲ್ಲ.

ಇಷ್ಟು ಖರ್ಚು ನೋಡಿ ಹೆದರಿ ಮಾರುವ ಯೋಚನೆಯನ್ನೇ ಬಿಡುತ್ತಾನೆ ಎಂದು ನಾನು ಎಣಿಸಿದ್ದೆ. ನನ್ನ ತಮಾಷೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನುಷ್ಯ ಮಾರನೇ ದಿನವೇ ಬ್ಯಾಂಕಿಗೆ ಹೋಗಿ ಬಂದ.

ಅವನು ಆಳು ಕರೆಯಲಿಲ್ಲ. ಫೆರಿಯ ಪಾಳಿ ಮುಗಿಸಿ ಬಂದು ದಿನಕ್ಕೊಂದು ಕಿಟಕಿ ಬಿಚ್ಚಿದ. ಚಿಪ್ಪುಗಳನ್ನು ಒಂದೊಂದಾಗಿ ಚೌಕಟ್ಟಿನಿಂದ ಎಳೆದು ಗೋಣಿ ಮೇಲೆ ಸಾಲಾಗಿ ಇಡುತ್ತಿದ್ದ. ಒಡೆದರೆ "ಶ್ಶ್" ಎನ್ನುತ್ತಿದ್ದ, ಮಲಗಿದ ಮಗುವನ್ನು ತಟ್ಟುವ ಹಾಗೆ. ಮಾಪುಸಾದ ಗುಜರಿಯವನು ಬಂದು ಎಲ್ಲವನ್ನೂ ಟೆಂಪೋಗೆ ತುಂಬಿದಾಗ, "ಏನ್ ಮಾಡ್ತಿ ಇದನ್ನ?" ಎಂದು ಪಾಯ್ ಕೇಳಿದ. "ದಿಲ್ಲಿಯೋರಿಗೆ ಮಾರ್ತೀನಿ, ಬಾಬ್" ಎಂದ ಅವನು. ಪಾಯ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿದ್ಯಾ ಬಾಯೇ, ಪಾಪ, ಇವನಿಗೆ ಮಾರ್ಕೆಟ್ಟೇ ಗೊತ್ತಿಲ್ಲ!"

ನಾನೂ ನಕ್ಕೆ, ಮಾಯ್.

ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಅವನು ಹಾಡುತ್ತಿದ್ದ. ಟೈಲ್ಸ್ ಕೂರಿಸುತ್ತಾ, ಮಂಡಿಯೂರಿ, ಬಾಯಲ್ಲಿ ಬೀಡಿ ಇಟ್ಟುಕೊಂಡು, ಹರೆಯದಲ್ಲಿ ಹಾಡುತ್ತಿದ್ದ ಮದುವೆ ಹಾಡು. ಈಸ್ಟರಿಗೆ ಕ್ಷೌರ ಮಾಡಿಸಿಕೊಂಡು ಮೀಸೆಗೆ ಬಣ್ಣ ಹಚ್ಚಿದ. ಹೆಂಡತಿಗೆ ಅರ್ಧ ಕೊಟ್ಟು ಕೈತೊಳೆದುಕೊಳ್ಳುವ ಗಂಡಸು ಮೀಸೆಗೆ ಯಾಕೆ ಬಣ್ಣ ಹಚ್ಚುತ್ತಾನೆ ಎಂದು ಯಾವ ಮಂಡಳಿಯೂ ಅಧ್ಯಯನ ಮಾಡಲಿಲ್ಲ.

ಈಸ್ಟರ್ ಕಳೆದ ಸೋಮವಾರ ಹಾರೆ ತಂದ. ಬಲ್ಕಾಂವ್ ಮಾತ್ರ ಉಳಿದಿತ್ತು. ಎಡಗಡೆಯ ಆಸನದ ಮೇಲೆ ಒಂದು ಗಳಿಗೆ ಕೂತ, ಎದ್ದ. ಹಾರೆ ಎತ್ತಿ ಹಾಗೇ ಹಿಡಿದುಕೊಂಡು ನನ್ನನ್ನು ಕೇಳಿದ: "ಬಾಯೇ, ಇದೂನಾ? ಸರಿಯಾಗಿ ನೆನಪ್ ಮಾಡ್ಕೊ. ಖಂಡಿತ ಹಾಗೇ ಹೇಳಿದ್ರಾ?"

"ಖಂಡಿತ" ಎಂದೆ.

"ಸರಿ ಬಿಡು," ಎಂದ. "ಈ ಮೆಟ್ಲಂತೂ ಯಾರೂ ಹತ್ತೋರಿಲ್ಲ."

ಸಂಜೆ ಹೊತ್ತಿಗೆ ಅಲ್ಲಿ ಕೆಂಪು ಕಲ್ಲಿನ ಗುಡ್ಡೆ, ಅದರ ಹಿಂದೆ ಗಾಳಿಯಲ್ಲಿ ತೇಲುವ ಬಾಗಿಲು. ಒಂದು ವಾರ ನಾವು ಹಿಂಬಾಗಿಲಿನಿಂದ ಓಡಾಡಿದೆವು.

ಮೇ ತಿಂಗಳಿಂದ ಗಿರಾಕಿಗಳು ಬರತೊಡಗಿದರು. ಬಂದರು ಎನ್ನುವುದಕ್ಕಿಂತ, ಕಾರಿನ ಕಿಟಕಿ ಇಳಿಸಿ ನೋಡಿ ಕಿಟಕಿ ಏರಿಸಿದರು ಎನ್ನಬೇಕು. ಒಳಗೆ ಬಂದವರೂ ಐದು ನಿಮಿಷ ನಿಲ್ಲಲಿಲ್ಲ. ಪಾಯ್ ಇಸ್ತ್ರಿ ಅಂಗಿ ತೊಟ್ಟು ಜಾರುವ ಕಿಟಕಿಯನ್ನು ಜಾರಿಸಿ ತೋರಿಸುತ್ತಿದ್ದ. "ನೋಡಿ ಸರ್, ಒಂದೇ ಬೆರಳು!" ಅವರು ಅವನ ಬೆರಳು ನೋಡಿ ಹೋಗುತ್ತಿದ್ದರು. ಫಿದೇಲಿಸ್ ತಲೆ ಚಚ್ಚಿಕೊಂಡ. "ಬೆರ್ನಾಬೆ ಬಾಬ್, ನನ್ನನ್ನ ಒಂದ್ ಮಾತು ಕೇಳ್ಬಾರದಾಗಿತ್ತಾ? ಆಸ್ಪತ್ರೆ ವಾರ್ಡ್ ಮಾಡಿಟ್ಟಿದೀರಲ್ಲ ಮನೇನ!" ಪಾಯ್ ನನ್ನ ವರದಿಯನ್ನು ಡ್ರಾಯರಿನಿಂದ ತೆಗೆದು ತೋರಿಸಲು ಹೊರಟ. ಅಷ್ಟರಲ್ಲಿ ನಾನು ಅಡುಗೆಮನೆಯಲ್ಲಿ ಹಾಲು ಉಕ್ಕಿಸಿ ಕೂಗಿದೆ. ವರದಿ ಆಮೇಲೆ ಡ್ರಾಯರಿನಲ್ಲಿ ಸಿಗಲಿಲ್ಲ.

ಆಗಸ್ಟಿನ ಮೊದಲ ಭಾನುವಾರ, ಜಡಿಮಳೆಯಲ್ಲಿ, ಫಿದೇಲಿಸ್ ಸಾಹ್ನಿ ಮೇಡಂ ಅವರನ್ನು ಕರೆತಂದ. ಯಾವುದೋ ಹಬ್ಬದಲ್ಲಿ ನಮ್ಮ ಮನೆಯ ಮುಂದೆ ತೆಗೆದ ಹಳೇ ಫೋಟೋ ಅವನ ಹತ್ತಿರ ಇತ್ತು, ಅದನ್ನು ತೋರಿಸಿ ಕರೆತಂದಿದ್ದ, ಕಳ್ಳ. ಅವರು ಕೊಡೆ ಹಿಡಿದು, ಫೋಟೋ ಹಿಡಿದು, ಮನೆ ನೋಡಿ, ಮತ್ತೆ ಫೋಟೋ ನೋಡಿ, "ಈ ಮನೆ ಎಲ್ಲಿ?" ಎಂದರು. "ಇದೇ ಮೇಡಂ" ಎಂದ ಫಿದೇಲಿಸ್. ಅವರು ಬಲ್ಕಾಂವ್ ಇದ್ದ ಜಾಗದಲ್ಲೇ ನಿಂತರು. ಒಳಗೆ ಬರಲಿಲ್ಲ.

"ನಾನು ತಗೊಳ್ಳೋಣ ಅಂತ ಬಂದಿದ್ದು ಇದನ್ನ," ಎಂದು ಫೋಟೋ ತೋರಿಸಿದರು. ಆಮೇಲೆ ಪಾಯ್‌ನ ಹಿಂದೆ ಅಡಗಿ ನಿಂತಿದ್ದ ನನ್ನನ್ನು ಕಂಡರು. "ಅರೇ, ನೀನು! ನಿನಗೆ ಎಲ್ಲಾ ಹೇಳಿದ್ನಲ್ಲ. ಚಿಪ್ಪು, ನೆಲ, ಈ ಕಟ್ಟೆ. ನೀನು ಬರ್ಕೊಂಡೆ. ಇದು ನಿನ್ನ ಮನೇನಾ? ನಿಮ್ಮಪ್ಪನಿಗೆ ಹೇಳ್ಲಿಲ್ವಾ?"

ಪಾಯ್ ತಿರುಗಿ ನನ್ನ ಮುಖ ನೋಡಿದ. ಯಾವತ್ತೂ ನಗದ ನನ್ನ ಮುಖ ಆವತ್ತು ಏನು ಮಾಡಿತೋ ನನಗೆ ಗೊತ್ತಿಲ್ಲ. ಅವನಿಗೆ ಗೊತ್ತಾಯಿತು.

"ಹೇಳಿದ್ಲು ಮೇಡಂ," ಎಂದ ಪಾಯ್. "ಎಲ್ಲಾ ಹೇಳಿದ್ಲು, ಪಾಪ. ನಾನೇ ಕೇಳ್ಲಿಲ್ಲ. ಹಳೇ ಕಾಲದೋನು ನೋಡಿ, ಹೊಸದು ಅಂದ್ರೆ ಆಸೆ."

ಅವರು ಹೋದ ಮೇಲೆ ಅವನು ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ಮಾಡಿ ನಗಿಸುತ್ತಿದ್ದೆ. ಬಿಳಿ ಟೈಲ್ಸಿನ ಮೇಲೆ ಬಿದ್ದ ಕೆಸರನ್ನು ಒರೆಸಿದ. ಬಟ್ಟೆ ಹಿಂಡಿದ. ಆಮೇಲೆ ಹೇಳಿದ: "ಬಾಯೇ, ನಿನ್ ಮಾಯ್ ವಾಪಸ್ ಬರೋಳಿದ್ಲು."

ಆವತ್ತು ಅವನು ಹೇಳಿದ್ದನ್ನೆಲ್ಲ ನಿನಗೆ ಹೇಳುವ ಅಗತ್ಯವಿಲ್ಲ, ಮಾತಾಡಿಕೊಂಡವರು ನೀವಿಬ್ಬರೇ ಅಲ್ಲವೇ. ಜನವರಿಯಲ್ಲಿ ನೀನು ಫೋನು ಮಾಡಿ, ಮಂಡಿ ಇನ್ನು ನಿಲ್ಲಲು ಬಿಡುವುದಿಲ್ಲ, ಬರುತ್ತೇನೆ, ಆದರೆ ಆ ಮನೆಗಲ್ಲ ಎಂದದ್ದು. ಮಾಪುಸಾದಲ್ಲಿ ಲಿಫ್ಟ್ ಇರುವ ಕಟ್ಟಡದಲ್ಲಿ ಮೊದಲ ಮಹಡಿಯ ಎರಡು ಕೋಣೆಯ ಮನೆಗೆ ನೀನು ಮುಂಗಡ ಕಟ್ಟಿದ್ದು. ಉಳಿದ ಹಣಕ್ಕೆ ಈ ಮನೆಯನ್ನು ಮಾರಬೇಕಾಗಿದ್ದದ್ದು, ಆಗಸ್ಟ್ ಹದಿನೈದರೊಳಗೆ. "ನನಗೂ ಅಲ್ಲಿ ಜಾಗ ಇರುತ್ತಾ?" ಎಂದು ಪಾಯ್ ಕೇಳಿದಾಗ ನೀನು, "ನೋಡೋಣ, ಮೊದ್ಲು ಆ ಮನೆ ಬಿಟ್ಟು ಬಾ" ಎಂದದ್ದು. ಮೂರು ಕ್ರಿಸ್‌ಮಸ್‌ಗೆ ಬರುತ್ತೇನೆಂದು ಹೇಳಿ ಬಾರದೆ ಹೋಗಿದ್ದೆಯಲ್ಲ, ಅದಕ್ಕೇ ಈ ಸಲ ಎಲ್ಲಾ ಖಾತ್ರಿಯಾಗುವವರೆಗೆ ಕಿಟ್ಟುಗೆ, ಅಂದರೆ ನನಗೆ, ಹೇಳಬೇಡ ಎಂದು ಅವನಿಂದ ಮಾತು ತೆಗೆದುಕೊಂಡದ್ದು.

ಅವನು ಮಾತು ಉಳಿಸಿಕೊಂಡ, ಮಾಯ್. ಹಾಡುತ್ತಿದ್ದನೇ ಹೊರತು ಬಾಯಿ ಬಿಡಲಿಲ್ಲ.

ಮಾರನೇ ದಿನ ಅವನು ನಿನಗೆ ಫೋನು ಮಾಡಿದಾಗ ನಾನು ಬಾಗಿಲ ಹಿಂದೆ ಇದ್ದೆ. "ಕಿಟಕಿ ತೆಗೆದದ್ದು ನಾನೇ, ಬಲ್ಕಾಂವ್ ಒಡೆದದ್ದೂ ನಾನೇ. ಯಾರೂ ಹೇಳಿಕೊಟ್ಟಿದ್ದಲ್ಲ. ನನ್ನ ತಲೆಗೆ ಬಂತು, ಮಾಡ್ದೆ" ಎಂದ. ನೀನು ಕೂಗಿದ್ದು ನನಗೆ ಬಾಗಿಲಾಚೆಗೂ ಕೇಳಿಸಿತು. "ಮಾರಬಾರ್ದು ಅಂತಲೇ ಮಾಡ್ದೆ! ಏಳು ವರ್ಷ ಆದ್ರೂ ನಿನಗೆ ಆ ಮನೇನೇ ಹೆಚ್ಚು. ಮುರಿದು ಹಾಕಿಯಾದ್ರೂ ಇಟ್ಕೊಂಡೆ ನೋಡು!" ಪಾಯ್ "ಹೂಂ" ಎಂದ. ಇನ್ನೊಂದು ಸಲ "ಹೂಂ" ಎಂದ. ಆಮೇಲೆ ಫೋನನ್ನು ಕಿವಿಯಲ್ಲೇ ಹಿಡಿದು ನಿಂತಿದ್ದ, ನೀನು ಇಟ್ಟುಬಿಟ್ಟ ಮೇಲೂ. ನಾನು ಒಳಗೆ ಹೋಗಿ "ನಾನು ಹೇಳ್ತೀನಿ" ಎಂದೆ. "ಬಾಯಿ ಮುಚ್ಕೊಂಡಿರು" ಎಂದ, ಜೀವಮಾನದಲ್ಲಿ ಮೊದಲ ಸಲ. "ಅವಳು ನನ್ನ ಮೇಲೆ ಸಿಟ್ಟಾದ್ರೆ ಅದು ಅಭ್ಯಾಸ ಆಗಿದೆ, ನನಗೂ, ಅವಳಿಗೂ. ನಿನ್ನ ಮೇಲೆ ಸಿಟ್ಟಾದ್ರೆ ಅವಳು ಬರೋದಾದ್ರೂ ಯಾರಿಗೋಸ್ಕರ?"

ಆದ್ದರಿಂದ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮನೆ ಉಳಿಸಿಕೊಳ್ಳಲು ಮನೆ ಮುರಿದವನು ಬೆರ್ನಾಬೆ ರೆಬೆಲೊ ಅಲ್ಲ. ನಾನು. ಅವನು ಮನೆ ಬಿಟ್ಟು ನಿನ್ನ ಹತ್ತಿರ ಬರಲು ಹೊರಟಿದ್ದ, ಮೀಸೆಗೆ ಬಣ್ಣ ಹಚ್ಚಿಕೊಂಡು. ದಾರಿಗೆ ಕಲ್ಲು ಹಾಕಿದವಳು ನಾನು. ನೀನು ಪಾಲು ತೆಗೆದುಕೊಂಡು ಹೊರಟೇ ಹೋಗುತ್ತೀ ಎಂಬ ಭಯಕ್ಕೆ ಹಾಕಿದೆ. ಮನೆ ಇರುವವರೆಗೆ ಅರ್ಧ ನಿನ್ನದು, ಅರ್ಧ ನಮ್ಮದು, ಆ ಒಂದು ಗಂಟಾದರೂ ಉಳಿಯುತ್ತದೆ ಎಂದುಕೊಂಡೆ. ಸಿಟ್ಟು ಮಾಡು, ಎಷ್ಟು ಬೇಕಾದರೂ. ಆದರೆ ಸರಿಯಾದ ವಿಳಾಸಕ್ಕೆ ಮಾಡು.

ಈಗ ಜೊತೆಗಿರುವ ಕಾಗದದ ವಿಷಯ. ಮಾಪುಸಾದ ಆ ಮನೆ ಕೈತಪ್ಪಿತು, ಅದು ನಿನಗೂ ಗೊತ್ತು. ಹೋದ ವಾರ ಒಬ್ಬ ಗಿರಾಕಿ ಬಂದ. ಅವನ ಕಣ್ಣು ಎಲ್ಲಿ ಬೀಳುತ್ತದೆ ಎಂದು ನೋಡುತ್ತಾ ನಿಂತೆ. ಮನೆಯ ಮೇಲೆ ಬೀಳಲೇ ಇಲ್ಲ. ಹೆಜ್ಜೆ ಹಾಕಿ ಜಾಗ ಅಳೆದ. ಕೆಡವಿ, ಒಂದೇ ಥರದ ಆರು ಮನೆ ಕಟ್ಟುತ್ತಾನಂತೆ. "ಒಳಗೆ ನೋಡಲ್ವಾ?" ಎಂದು ಪಾಯ್ ಕೇಳಿದ. "ಬೇಡ ಅಂಕಲ್, ನೋಡೋಕೇನಿದೆ" ಎಂದ. ಬೆಲೆ ಕಮ್ಮಿ, ಆದರೂ ಲಿಫ್ಟ್ ಇರುವ ಇನ್ನೊಂದು ಕಟ್ಟಡ ಸಿಗದೇ ಇರುವಷ್ಟು ಕಮ್ಮಿಯಲ್ಲ. ಪಾಯ್ ತನ್ನ ಅರ್ಧವನ್ನೂ ನಿನ್ನ ಹೆಸರಿಗೇ ಬರೆಸಿದ್ದಾನೆ. ಎರಡನೇ ಪುಟದಲ್ಲಿ, ಮಾರಾಟದ ನಂತರ ಮಾರುವವರ ವಿಳಾಸ ಎನ್ನುವ ಕಡೆ, ಅವನದನ್ನು ಖಾಲಿ ಬಿಟ್ಟಿದ್ದಾನೆ. ವಕೀಲರು ಕೇಳಿದ್ದಕ್ಕೆ, "ಅದು ಅವಳು ತುಂಬಬೇಕಾದ್ದು" ಎಂದ. ನೀನು ತುಂಬದಿದ್ದರೆ ಫೆರಿಯವರ ಬಿಡಾರದಲ್ಲಿ ಒಂದು ಮಂಚ ಕೇಳಿಟ್ಟಿದ್ದಾನೆ. ಇದನ್ನು ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ನನ್ನ ಆಣೆಯ ಬೆಲೆ ಅವನಿಗೆ ಇನ್ನೂ ತಿಳಿದಿಲ್ಲ.

ಅವನ ಫೋನು ಎತ್ತು, ಮಾಯ್. ದಿನಾ ಇಲ್ಲಿಯ ಸಂಜೆ ಏಳು ಗಂಟೆಗೆ, ಅಲ್ಲಿ ನೀನು ಊಟಕ್ಕೆ ಬಿಡುವ ಹೊತ್ತಿಗೆ, ಅಂಗಿ ಬದಲಾಯಿಸಿಕೊಂಡು ಮಾಡುತ್ತಾನೆ.

ನಿನ್ನ ಅಧ್ಯಯನ ಮಂಡಳಿಯ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಏಕೈಕ ಆರೋಪಿ,
ಕಿಟ್ಟು

ಮರೆತ ಮಾತು: ಮರೆತದ್ದಲ್ಲ. ಬರೆಯಬಾರದೆಂದು ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನೀನು ಬರುವ ವಿಷಯ ನನಗೆ ಗೊತ್ತಾದದ್ದು ಆಗಸ್ಟಿನಲ್ಲಿ ಅಲ್ಲ. ಈಸ್ಟರಿನ ಹಿಂದಿನ ದಿನ ಪಾಯ್ ಬಾವಿಕಟ್ಟೆಯಲ್ಲಿ ಸ್ನಾನಕ್ಕೆ ಕೂತಾಗ ಅವನ ಫೋನು ನಾನು ಎತ್ತಿದೆ. ಮಾಪುಸಾದ ಆ ಕಟ್ಟಡದ ಆಫೀಸಿನ ಹುಡುಗಿ. "ಅರ್ಸುಲಾ ಮೇಡಂ ಕ್ರಿಸ್‌ಮಸ್ಸಿಗೆ ಬಂದು ಸೇರ್ಕೊಳ್ತಾರಲ್ಲ, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಸರಳು ಯಾವ ಕಡೆ ಹಾಕಿಸ್ಲಿ, ಅವರಿಗೆ ಯಾವ ಮಂಡಿ ನೋವು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಎಡಗಡೆ ಎಂದೆ. ಚಿಪ್ಪುಗಳು ಆಗಲೇ ಹೋಗಿದ್ದವು, ಆದರೆ ಬಲ್ಕಾಂವ್ ಇನ್ನೂ ಇತ್ತು. ಸೋಮವಾರ ಪಾಯ್ ಹಾರೆ ಎತ್ತಿ ಖಂಡಿತಾನಾ ಎಂದು ಕೇಳಿದಾಗ ಎಲ್ಲಾ ಗೊತ್ತಿದ್ದೇ ಖಂಡಿತ ಎಂದೆ. ಮೂರು ಸಲ ನಿನ್ನ ಮಂಚಕ್ಕೆ ಹೊಸ ಹಾಸು ಹಾಸಿದವಳು ನಾನು, ಜನವರಿಯಲ್ಲಿ ಮಡಿಸಿಟ್ಟವಳೂ ನಾನು. ಈ ಸಲವೂ ನೀನು ಬರುವುದಿಲ್ಲ, ಮನೆಯೂ ಹೋಗಿರುತ್ತದೆ, ಬಣ್ಣದ ಮೀಸೆಯ ಈ ಮನುಷ್ಯನನ್ನು ಎಲ್ಲಿ ಕೂರಿಸಿ ಸಮಾಧಾನ ಮಾಡಲಿ ಎಂದುಕೊಂಡೆ. ಭಯವಲ್ಲ, ಮಾಯ್. ನಿನ್ನನ್ನು ನಂಬಲಿಲ್ಲ. ಈಗಲೂ ನಂಬಿಕೆ ಬರುತ್ತಿಲ್ಲ. ಯಾವ ಮಂಡಿ ಎಂದು ಬರೆದು ತಿಳಿಸು.